ಆಲೆಮನೆಯ ಬೆಲ್ಲವೂ ಸಾಮಾಜಿಕ ಜಾಲತಾಣಗಳ ಮೂಲಕ ಅದರ ಪ್ರಚಾರವೂ

ಮಂಡ್ಯದ ಸೀಮೆಯಲ್ಲಿ ಕಬ್ಬು ಬೆಳೆದು ಸ್ವಂತ ಆಲೆಮನೆಯಲ್ಲಿಯೇ ಬೆಲ್ಲ ತೆಗೆಯುವ ರೈತನು ತನ್ನ ಸರಕನ್ನು ಮಾರುಕಟ್ಟೆಗೆ ಒಯ್ದಾಗ ಅಲ್ಲಿ ಮೊಟ್ಟಮೊದಲು ಪರೀಕ್ಷಿಸಲ್ಪಡುವುದು ಬೆಲ್ಲದ ಬಣ್ಣ. ಹೊಂಬಣ್ಣದ ಅಚ್ಚಿಗೆ ಒಂದು ಧಾರಣೆ. ಕಂದುಬಣ್ಣದ ಅಚ್ಚಿಗೆ ಬಹುಮಟ್ಟಿಗೆ ಅದಕ್ಕಿಂತ ಕಡಿಮೆಯಾದ ಧಾರಣೆ. ಕಬ್ಬಿನ ಹಾಲನ್ನು ಕೊಪ್ಪರಿಗೆಯಲ್ಲಿ ಕಾಯಿಸುವಾಗ ಹೈಡ್ರೋಸ್ ಎಂಬ ರಾಸಾಯನಿಕವನ್ನು ಹಾಕಿದರೆ ಬಣ್ಣವು ತಿಳಿಯಾಗುತ್ತದೆ. ಈ ತಿಳಿಬಣ್ಣವು ಬಹುಕಾಲ ನಿಲ್ಲತಕ್ಕದ್ದಲ್ಲ. ದಾಸ್ತಾನಿನಲ್ಲಿಟ್ಟ ಕೆಲವು ದಿನಗಳಲ್ಲಿಯೇ ಬೆಲ್ಲವು ಮಂಕಾಗುವುದುಂಟು. ಆದರೂ ಮಾರಾಟದ ದಿನ ಅದು ಕಣ್ಣಿಗೆ ಚೆನ್ನಾಗಿ ಕಾಣುವುದರಿಂದ ಅದಕ್ಕೇ ಮನ್ನಣೆ. ಬೆಂಡೆಯ ಗಿಡವನ್ನು ಜಜ್ಜಿ ತೆಗೆದ ಲೋಳೆಯಿಂದಲೂ, ಹಿತಮಿತವಾದ ಸುಣ್ಣದಿಂದಲೂ ಮಡ್ಡಿಯನ್ನು ತೆಗೆದು ಶುದ್ಧವಾದ ಬೆಲ್ಲವನ್ನು ಮಾಡಿದವನಿಗೆ ಅವನ ಶ್ರಮಕ್ಕೆ ತಕ್ಕ ಪ್ರತಿಫಲವು ಸಿಕ್ಕುವುದಿಲ್ಲ.

ಇಂತಹ ಬೆಲ್ಲಕ್ಕೆ ಹೆಚ್ಚು ಬೆಲೆ ಕೊಡಲು ಮನಸ್ಸುಳ್ಳವರು ಇಲ್ಲವೆಂದಲ್ಲ. ಅವರು ಮೈಸೂರಿನಲ್ಲಿಯೂ ಬೆಂಗಳೂರಿನಲ್ಲಿಯೂ ಇದ್ದಾರೆ. ಆದರೆ ಅವರಿಗೆ ಈ ರೈತನ ಗುರುತಿಲ್ಲ. ಇವನಿಗೆ ಅವರ ವಿಳಾಸ ತಿಳಿಯದು. ಈ ಅಂತರವನ್ನು ಕಡಿಮೆ ಮಾಡುವುದೇ ಪ್ರಚಾರದ ಉದ್ದೇಶ. ಹಿಂದೆ ಇದೇ ಕೆಲಸಕ್ಕಾಗಿ ವರ್ತಕರು ಪತ್ರಿಕೆಗಳಲ್ಲಿ ಪ್ರಕಟಣೆ ಕೊಟ್ಟು, 1877ರಲ್ಲಿ ಅಂಚೆಯಲ್ಲಿ ಏರ್ಪಟ್ಟ ವಿ. ಪಿ. ಪದ್ಧತಿಯಿಂದ ಸರಕನ್ನು ಕಳುಹಿಸಿ ಹಣವನ್ನು ಪಡೆಯುತ್ತಿದ್ದರು. ಈಗ ರೈತನ ಜೇಬಿನಲ್ಲಿರುವ ಮೊಬೈಲ್ ಫೋನೇ ಪ್ರಕಟಣೆಯ ಹಲಗೆಯೂ ಹೌದು, ಅಂಚೆಯ ಚೀಲವೂ ಹೌದು. ಉಪಕರಣವು ಕೈಗೆ ಬಂದಮಾತ್ರಕ್ಕೆ ಉಪಯೋಗವು ತಾನಾಗಿ ಬರುವುದಿಲ್ಲವಾದಕಾರಣ, ಅದನ್ನು ನಡೆಸತಕ್ಕ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ನಮ್ಮ ನಾಡಿನದೇ ಒಂದು ನಿದರ್ಶನ. ಕೊರೋನಾ ಪಿಡುಗಿನ ಕಾಲದಲ್ಲಿ ಉತ್ತರ ಕನ್ನಡ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಗೃಹಿಣಿಯರನೇಕರು ಬಾಳೆಕಾಯನ್ನು ಹೆಚ್ಚಿ ಒಣಗಿಸಿ ಹಿಟ್ಟು ಮಾಡತೊಡಗಿದರು. ಬಾಳೆಕಾಯಿ ಹುಡಿ ಎಂಬ ಮಾತಿನ ಮೊದಲಕ್ಷರಗಳನ್ನು ಕೂಡಿಸಿ ಅದಕ್ಕೆ ‘ಬಾಕಾಹು’ ಎಂಬ ಹೆಸರು ಬಂದಿತು. ಅವರು ಹಿಟ್ಟಿನ ಚಿತ್ರವನ್ನು ಮಾತ್ರ ಹಂಚಲಿಲ್ಲ. ಆ ಹಿಟ್ಟಿನಿಂದ ಮಾಡಿದ ದೋಸೆ, ಗುಲಾಬ್ ಜಾಮೂನು ಮೊದಲಾದವುಗಳ ಚಿತ್ರಗಳನ್ನು ಜಾಲತಾಣಗಳಲ್ಲಿ ಹಂಚಿದರು. ನೋಡಿದವರು ತಾವೂ ಮಾಡಿನೋಡಿದರು. ಹಿಟ್ಟಿಗೆ ಬೇಡಿಕೆ ಹೆಚ್ಚಿತು. ಮಾಡಿದವರಿಗೆ ವರಮಾನವೂ ಬಂದಿತು. 2021ನೆಯ ಜುಲೈ 25ರಂದು ಪ್ರಧಾನಮಂತ್ರಿಗಳು ತಮ್ಮ ರೇಡಿಯೋ ಭಾಷಣದಲ್ಲಿ ಈ ಮಹಿಳೆಯರ ಕಾರ್ಯವನ್ನು ಪ್ರಸ್ತಾಪಿಸಿದರು. ಇಲ್ಲಿ ಗಮನಿಸತಕ್ಕ ಅಂಶವೇನೆಂದರೆ, ಹಿಟ್ಟನ್ನು ಕೊಳ್ಳಿರೆಂದು ಕೂಗಿದ್ದಕ್ಕಿಂತ ಅದರಿಂದ ಏನು ಮಾಡಬಹುದೆಂದು ತೋರಿಸಿದ್ದರಿಂದಲೇ ಕೆಲಸವಾಯಿತು. ಕೊಳ್ಳುವವರಿಗೆ ಬೇಕಾದುದು ತಿಳುವಳಿಕೆ.

ಆಲೆಮನೆಯ ಯಜಮಾನನಿಗೆ ತೋರಿಸತಕ್ಕ ಸಂಗತಿಗಳಿಗೆ ಕೊರತೆಯೇ ಇಲ್ಲ. ಕಬ್ಬು ಅರೆಯುವುದು, ಹಾಲು ಕುದಿಯುವಾಗ ಮಡ್ಡಿ ಮೇಲಕ್ಕೆ ಬರುವುದು, ಅದನ್ನು ಜಾಲರಿಯಿಂದ ತೆಗೆಯುವುದು, ಪಾಕವು ಹದಕ್ಕೆ ಬಂದುದನ್ನು ತಣ್ಣೀರಿನಲ್ಲಿ ಹಾಕಿ ಪರೀಕ್ಷಿಸುವುದು, ಅಚ್ಚಿಗೆ ಸುರಿಯುವುದು, ಇವೆಲ್ಲವೂ ಅವನಿಗೆ ದಿನದ ದುಡಿಮೆ. ಪಟ್ಟಣದವರಿಗಾದರೋ ಎಂದೂ ಕಾಣದ ನೋಟ. ಒಂದು ಟನ್ ಕಬ್ಬಿನಿಂದ ಸುಮಾರು 100 ಕಿಲೋ ಬೆಲ್ಲ ಮಾತ್ರ ದೊರೆಯುವುದೆಂಬುದು ಅವರಲ್ಲಿ ಬಹುಮಂದಿಗೆ ತಿಳಿಯದು. ಅದು ತಿಳಿದರೆ ಬೆಲೆಯ ವಿಚಾರದಲ್ಲಿ ಚೌಕಾಸಿಯು ತಾನಾಗಿ ಕಡಿಮೆಯಾಗುತ್ತದೆ. ಕಂದುಬಣ್ಣವು ಏಕೆ ಬಂದಿತು, ಮಳೆಗಾಲದಲ್ಲಿ ಬೆಲ್ಲವು ಏಕೆ ನೀರೊಡೆಯುತ್ತದೆ, ಗಾಳಿಯಾಡದ ಡಬ್ಬಿಯಲ್ಲಿ ಏಕೆ ಇಡಬೇಕು ಎಂಬುದನ್ನು ಮುಂಚಿತವಾಗಿಯೇ ಹೇಳಿಬಿಡತಕ್ಕದ್ದು. ಆಷಾಢದಲ್ಲಿ ಜಿನುಗಿದ ಬೆಲ್ಲವನ್ನು ಕಂಡು ದೂರುವ ಗಿರಾಕಿಯನ್ನು ಆಮೇಲೆ ಸಮಾಧಾನಪಡಿಸುವುದಕ್ಕಿಂತ ಇದು ಸುಲಭ.

ಚಿತ್ರಗಳನ್ನು ಬೆಳಗಿನ ಬೆಳಕಿನಲ್ಲಿ, ಶುಚಿಯಾದ ಜಾಗದಲ್ಲಿ ತೆಗೆಯಬೇಕು. ಕೊಪ್ಪರಿಗೆಯ ಪಕ್ಕದಲ್ಲಿ ನೊಣ ಮುತ್ತಿದ ಗೋಣಿಚೀಲವು ಬಿದ್ದಿದ್ದರೆ ನೋಡುವವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಅಂತಹ ಆಲೆಮನೆಗೆ ಪ್ರಚಾರಕ್ಕಿಂತ ಮೊದಲು ಪೊರಕೆಯ ಅಗತ್ಯವುಂಟು. ಬೇರೆಯವರ ಚಿತ್ರವನ್ನು ಎತ್ತಿ ತನ್ನದೆಂದು ಹಾಕಿಕೊಳ್ಳುವುದು ಕೂಡದು. ಪ್ರತಿಯೊಂದು ಪ್ರಕಟಣೆಯಲ್ಲಿಯೂ ತೂಕ, ಬೆಲೆ, ಬೆಲ್ಲ ತೆಗೆದ ದಿನ, ಸಾಗಣೆಯ ವೆಚ್ಚ, ಯಾವ ಸಂಖ್ಯೆಗೆ ತಿಳಿಸಬೇಕೆಂಬುದು ಸ್ಪಷ್ಟವಾಗಿರಲಿ. ‘ಬೆಲೆಗೆ ಫೋನ್ ಮಾಡಿ’ ಎಂದು ಬರೆಯುವ ವಾಡಿಕೆಯೊಂದು ಬೆಳೆದಿದೆ. ಬೆಲೆ ಕಾಣದಿದ್ದರೆ ಅರ್ಧಕ್ಕರ್ಧ ಜನ ಸುಮ್ಮನೆ ಮುಂದಕ್ಕೆ ಹೋಗುವರು. ಭಾಷೆಯು ಆಲೆಮನೆಯಲ್ಲಿ ಆಡುವ ಕನ್ನಡವೇ ಆಗಿದ್ದರೆ ಸಾಕು.

ಇನ್ನು ಯಾವ ಜಾಲತಾಣದಲ್ಲಿ ಪ್ರಚಾರ ಮಾಡಬೇಕೆಂಬ ಪ್ರಶ್ನೆ. ಎಲ್ಲದರಲ್ಲಿಯೂ ಕಾಲಿಟ್ಟು ಯಾವುದರಲ್ಲಿಯೂ ನಿಲ್ಲದಿರುವುದು ಸಾಮಾನ್ಯವಾಗಿ ಕಂಡುಬರುವ ತಪ್ಪು. ಸಣ್ಣ ಉದ್ಯಮಕ್ಕೆ ಎರಡು ಸಾಕು: ಹೊಸಬರ ಕಣ್ಣಿಗೆ ಬೀಳುವುದಕ್ಕೆ ಫೇಸ್‌ಬುಕ್ ಅಥವಾ ಇನ್‌ಸ್ಟಾಗ್ರಾಂಗಳಲ್ಲೊಂದು, ಪರಿಚಿತರಾದವರೊಡನೆ ವ್ಯವಹರಿಸುವುದಕ್ಕೆ ವಾಟ್ಸಾಪ್. ಬೆಲ್ಲ ತಯಾರಿಕೆಯನ್ನು ಸಾವಕಾಶವಾಗಿ ತೋರಿಸುವ ದೀರ್ಘವಾದ ಚಿತ್ರವಿದ್ದರೆ ಅದನ್ನು ಯೂಟ್ಯೂಬಿನಲ್ಲಿ ಹಾಕಬಹುದು. ವರ್ಷಗಳಾದ ಮೇಲೆಯೂ ಹುಡುಕುವವರಿಗೆ ಅಲ್ಲಿ ಸಿಕ್ಕುತ್ತದೆ. ವಾರಕ್ಕೆ ಎರಡು ಸಲ ತಪ್ಪದೆ ಹಾಕುವುದು ಒಂದೇ ದಿನ ಹತ್ತು ಹಾಕಿ ತಿಂಗಳು ಸುಮ್ಮನಿರುವುದಕ್ಕಿಂತ ಮೇಲು. ಈ ಕೆಲಸಕ್ಕೆ ಮನೆಯಲ್ಲಿ ಒಬ್ಬರನ್ನು ಗೊತ್ತುಮಾಡಿ, ಸಂಜೆ ಒಂದು ಗಂಟೆಯ ಕಾಲವನ್ನು ಮೀಸಲಿಡತಕ್ಕದ್ದು. ಓದಿರುವ ಮಗಳೋ ಸೊಸೆಯೋ ಇದನ್ನು ಯಜಮಾನನಿಗಿಂತ ಅಚ್ಚುಕಟ್ಟಾಗಿ ನಡೆಸುವ ಮನೆಗಳು ಬಹಳ. ಆದರೆ ಲೆಕ್ಕವೂ ಅವರ ಕೈಗೇ ಬರಬೇಕು; ಬರೆಯುವವರೊಬ್ಬರು, ಹಣ ಎಣಿಸುವವರೊಬ್ಬರು ಎಂದಾದರೆ ಉತ್ಸಾಹವು ಬಹುದಿನ ಇರುವುದಿಲ್ಲ.

ವ್ಯಾಪಾರಿಗಳಿಗೆಂದೇ 2018ರಲ್ಲಿ ಹೊರಬಂದ ವಾಟ್ಸಾಪ್ ಬಿಸಿನೆಸ್ ಎಂಬ ಸಾಧನದಲ್ಲಿ ಸರಕಿನ ಪಟ್ಟಿಯನ್ನು ಚಿತ್ರ ಮತ್ತು ಬೆಲೆಗಳೊಡನೆ ಇಡಲು ಅನುಕೂಲವುಂಟು. ಪದೇ ಪದೇ ಬರುವ ಪ್ರಶ್ನೆಗಳಿಗೆ ಉತ್ತರಗಳನ್ನು ಮೊದಲೇ ಬರೆದಿಟ್ಟುಕೊಳ್ಳಲೂ ಬರುತ್ತದೆ. ಅನೇಕರಿಗೆ ಒಟ್ಟಿಗೆ ಸುದ್ದಿ ಕಳುಹಿಸುವ ಏರ್ಪಾಡಿನಲ್ಲಿ ಒಂದು ಸೂಕ್ಷ್ಮವಿದೆ: ರೈತನ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಹೆಸರಿನೊಡನೆ ಉಳಿಸಿಕೊಂಡವರಿಗೆ ಮಾತ್ರ ಆ ಸುದ್ದಿ ಮುಟ್ಟುವುದು. ಆದಕಾರಣ ಮೊದಲ ಸಲ ಬೆಲ್ಲ ಕಳುಹಿಸುವಾಗಲೇ ಪೊಟ್ಟಣದೊಳಗೆ ಒಂದು ಚೀಟಿಯನ್ನಿಟ್ಟು, ಸಂಖ್ಯೆಯನ್ನು ಉಳಿಸಿಕೊಳ್ಳಬೇಕೆಂದು ಕೋರಬೇಕು. ಒಪ್ಪಿಗೆಯಿಲ್ಲದವರನ್ನು ಗುಂಪಿಗೆ ಎಳೆದುಹಾಕುವುದು, ದಿನಬೆಳಗಾದರೆ ಶುಭೋದಯದ ಚಿತ್ರ ಕಳುಹಿಸುವುದು, ಇವೆರಡೂ ಗಿರಾಕಿಗಳನ್ನು ಓಡಿಸುವ ಉಪಾಯಗಳು.

ಇವೆಲ್ಲಕ್ಕಿಂತ ಮುಖ್ಯವಾದುದು ಗಿರಾಕಿಗಳ ವಹಿ. 2020ನೆಯ ಜೂನ್ 29ರಂದು ಭಾರತ ಸರ್ಕಾರವು ಟಿಕ್‌ಟಾಕ್ ಸೇರಿದಂತೆ 59 ಆ್ಯಪುಗಳನ್ನು ನಿಷೇಧಿಸಿತು. ಆ ತಾಣದಲ್ಲಿ ವರ್ಷಗಟ್ಟಲೆ ದುಡಿದು ಸಾವಿರಾರು ಮಂದಿ ಅನುಯಾಯಿಗಳನ್ನು ಸಂಪಾದಿಸಿದ್ದವರಿಗೆ ಮರುದಿನ ಅವರಲ್ಲಿ ಒಬ್ಬರನ್ನೂ ಕರೆಯಲು ದಾರಿಯಿಲ್ಲವಾಯಿತು. ನಿಷೇಧದ ಮಾತು ಹಾಗಿರಲಿ. ತಾಣದ ಒಡೆಯರು ತಮ್ಮ ನಿಯಮವನ್ನು ಬದಲಾಯಿಸಿದರೂ, ಖಾತೆಯನ್ನು ಕಳ್ಳರು ವಶಪಡಿಸಿಕೊಂಡರೂ ಫಲ ಒಂದೇ. ಜಾಲತಾಣವು ಪರರ ಜಾಗದಲ್ಲಿ ಹಾಕಿದ ಸಂತೆಯ ಅಂಗಡಿ. ಕೊಂಡವರ ಹೆಸರು, ಊರು, ಫೋನ್ ಸಂಖ್ಯೆ, ಕೊಂಡ ತೂಕ, ದಿನಾಂಕ, ಹೇಳಿದ ಮಾತು, ಇಷ್ಟನ್ನು ಒಂದು ದಪ್ಪ ಹೊತ್ತಗೆಯಲ್ಲಿ ಕೈಯಿಂದ ಬರೆದಿಟ್ಟರೆ ಯಾವ ತಾಣ ಮುಚ್ಚಿದರೂ ವ್ಯಾಪಾರ ನಿಲ್ಲುವುದಿಲ್ಲ. ಆ ವಿವರಗಳನ್ನು ಇನ್ನೊಬ್ಬರಿಗೆ ಮಾರುವುದಾಗಲಿ ಕೊಡುವುದಾಗಲಿ ಸಲ್ಲದು.

ಹಣ ಕೊಟ್ಟು ಮಾಡಿಸುವ ಪ್ರಚಾರದ ವಿಷಯದಲ್ಲಿ ವಹಿಯು ಮತ್ತೊಂದು ಬಗೆಯಾಗಿ ಉಪಯೋಗಕ್ಕೆ ಬರುತ್ತದೆ. ಉದಾಹರಣೆಗೆ, ಒಬ್ಬ ರೈತನು ಫೇಸ್‌ಬುಕ್ಕಿಗೆ 500 ರೂ. ತೆತ್ತು ಪ್ರಕಟಣೆಯನ್ನು ಹರಡಿಸಿದನೆಂದಿಟ್ಟುಕೊಳ್ಳೋಣ. 4,000 ಮಂದಿ ನೋಡಿದರು, 20 ಮಂದಿ ವಿಚಾರಿಸಿದರು, 4 ಮಂದಿ ಕೊಂಡರು. ಅಂದರೆ ಒಬ್ಬ ಗಿರಾಕಿಗೆ 125 ರೂ. ಖರ್ಚು ಬಿದ್ದಿತು. ಕಿಲೋ ಒಂದಕ್ಕೆ 40 ರೂ. ಲಾಭದಂತೆ ಆ ಗಿರಾಕಿಯು 2 ಕಿಲೋ ಕೊಂಡು ಸುಮ್ಮನಾದರೆ ಬಂದುದು 80 ರೂ., ನಷ್ಟ 45 ರೂ. ಅವನೇ ವರ್ಷದಲ್ಲಿ ನಾಲ್ಕು ಸಲ ಕೊಂಡರೆ ಬರುವುದು 320 ರೂ., ಖರ್ಚು ಕಳೆದು ಉಳಿಯುವುದು 195 ರೂ. ನೋಡಿದವರ ಸಂಖ್ಯೆಯನ್ನು ಕಂಡು ಹಿಗ್ಗುವವನಿಗೆ ಈ ಲೆಕ್ಕವು ಹೊಳೆಯುವುದೇ ಇಲ್ಲ. ಮರಳಿ ಬಂದವರೆಷ್ಟು ಎಂಬುದನ್ನು ಫೋನು ಹೇಳುವುದಿಲ್ಲ, ವಹಿಯು ಹೇಳುತ್ತದೆ. ಮೊದಲ ಆರು ತಿಂಗಳು ಹಣ ಕೊಟ್ಟು ಪ್ರಚಾರ ಮಾಡಿಸದಿರುವುದೇ ಕ್ಷೇಮ.

ಆಡುವ ಮಾತಿನಲ್ಲಿ ಎಚ್ಚರಿಕೆ ಬೇಕು. ‘ಈ ಬೆಲ್ಲದಿಂದ ಮಧುಮೇಹ ವಾಸಿಯಾಗುತ್ತದೆ’ ಎಂಬಂತಹ ಬರಹಗಳು ಜಾಲತಾಣಗಳಲ್ಲಿ ಧಾರಾಳವಾಗಿ ಸಿಕ್ಕುತ್ತವೆ. ಬೆಲ್ಲದ ಬಹುಭಾಗವು ಸಕ್ಕರೆಯ ಅಂಶವೇ. ಮಧುಮೇಹಿಗಳಿಗೆ ಅದು ರಕ್ತದ ಸಕ್ಕರೆಯನ್ನು ಏರಿಸುವುದರಲ್ಲಿ ಸಂದೇಹವಿಲ್ಲ. ನಂಬಿ ತಿಂದವನ ದೇಹಕ್ಕೆ ಹಾನಿ. ಹೇಳಿದವನಿಗೆ ಕಾನೂನಿನ ಭಯ. ಇಂತಹ ರೋಗಗಳನ್ನು ಗುಣಪಡಿಸುವುದಾಗಿ ಜಾಹೀರು ಮಾಡುವುದಕ್ಕೆ 1954ರ ಶಾಸನವೊಂದು ಅಡ್ಡಿಯಾಗಿದೆ. ತಪ್ಪುದಾರಿಗೆಳೆಯುವ ಆಹಾರ ಪ್ರಕಟಣೆಗೆ 2006ರ ಆಹಾರ ಸುರಕ್ಷತಾ ಶಾಸನದಲ್ಲಿ 10 ಲಕ್ಷ ರೂ.ಗಳವರೆಗೆ ದಂಡ ವಿಧಿಸಲು ಅವಕಾಶವುಂಟು. ಫೋನಿನಲ್ಲಿ ಬರೆದುದೂ ಪ್ರಕಟಣೆಯೇ ಎಂಬುದನ್ನು ಮರೆಯಬಾರದು. ಪೊಟ್ಟಣದ ಮೇಲೆ ತಯಾರಕನ ಹೆಸರು, ವಿಳಾಸ, ನಿವ್ವಳ ತೂಕ, ದರ, ತಯಾರಿಸಿದ ದಿನ, ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಸಂಖ್ಯೆ ಇವಿದ್ದರೆ, ಅದರ ಚಿತ್ರವೊಂದೇ ಗಿರಾಕಿಗೆ ಹತ್ತು ಹೊಗಳಿಕೆಗಳಷ್ಟು ಧೈರ್ಯ ಕೊಡುತ್ತದೆ.

ಪ್ರಚಾರವು ಫಲಿಸಿದಾಗಲೇ ನಿಜವಾದ ಪರೀಕ್ಷೆ ಬರುವುದು. ಸಂಕ್ರಾಂತಿಯ ಮುಂಚೆ ಒಂದು ಚಿತ್ರವು ಅನಿರೀಕ್ಷಿತವಾಗಿ ಹರಡಿ, ವಾರಕ್ಕೆ 200 ಕಿಲೋ ಕೊಡಬಲ್ಲ ಆಲೆಮನೆಗೆ 1,000 ಕಿಲೋವಿಗೆ ಬೇಡಿಕೆ ಬಂದರೆ ಏನು ಮಾಡಬೇಕು? ಪಕ್ಕದ ಆಲೆಮನೆಯ ಹೊಂಬಣ್ಣದ ಬೆಲ್ಲವನ್ನು ಕೊಂಡು ತನ್ನ ಚೀಟಿ ಅಂಟಿಸಿ ಕಳುಹಿಸುವ ಆಸೆ ಹುಟ್ಟುವುದು ಸಹಜ. ಆ ಒಂದು ವಾರದ ಲಾಭದೊಡನೆ, ‘ಹೈಡ್ರೋಸ್ ಹಾಕದ ಬೆಲ್ಲ’ ಎಂದು ವರ್ಷವೆಲ್ಲ ಹೇಳಿಕೊಂಡು ಬಂದ ಮಾತೂ ಹೋಗುತ್ತದೆ. ಗಿರಾಕಿಗಳಲ್ಲೊಬ್ಬರು ಅದನ್ನು ಪರೀಕ್ಷೆಗೆ ಕಳುಹಿಸಿ ಫಲಿತಾಂಶವನ್ನು ಅದೇ ಜಾಲತಾಣದಲ್ಲಿ ಹಾಕಿದರೆ ಮುಚ್ಚಿಡಲು ಸಾಧ್ಯವಿಲ್ಲ. ಬೇಡಿಕೆಯನ್ನು ಬಂದ ಕ್ರಮದಲ್ಲಿ ಬರೆದುಕೊಂಡು, ‘ನಿಮ್ಮ ಸರದಿ ಇಂಥ ದಿನ’ ಎಂದು ತಿಳಿಸುವುದೇ ಸರಿಯಾದ ದಾರಿ. ಕಾಯಲೊಲ್ಲದವರು ಹೋಗಲಿ.

ಒಂದೆರಡು ಕಿಲೋವನ್ನು ಮನೆಮನೆಗೆ ಕಳುಹಿಸಿದರೆ ಸಾಗಣೆಯ ವೆಚ್ಚವೇ ಲಾಭವನ್ನು ನುಂಗುತ್ತದೆ. ಒಂದೇ ಬಡಾವಣೆಯ ಅಥವಾ ವಸತಿ ಸಮುಚ್ಚಯದ ಹತ್ತು ಮನೆಗಳ ಬೇಡಿಕೆಯನ್ನು ಒಟ್ಟುಮಾಡಿ, ಹದಿನೈದು ದಿನಕ್ಕೊಮ್ಮೆ ಕಳುಹಿಸುವುದು ಲಾಭಕರ. ಇದಕ್ಕೆ ರಾಜ್ಯ ರಸ್ತೆ ಸಾರಿಗೆ ನಿಗಮವು 2021ರಲ್ಲಿ ಆರಂಭಿಸಿದ ‘ನಮ್ಮ ಕಾರ್ಗೊ’ದಂತಹ ಬಸ್ಸಿನ ಸಾಗಣೆಯನ್ನು ವಿಚಾರಿಸಬಹುದು. ಒಡೆದ ಪೊಟ್ಟಣದ ಬಗ್ಗೆ ಯಾರಾದರೂ ಎಲ್ಲರಿಗೂ ಕಾಣುವಂತೆ ದೂರು ಬರೆದರೆ ಅದನ್ನು ಅಳಿಸಬಾರದು. ಅಲ್ಲಿಯೇ ಕ್ಷಮೆ ಕೇಳಿ, ಬೇರೆ ಬೆಲ್ಲ ಕಳುಹಿಸಿ, ಕಳುಹಿಸಿದ ದಿನವನ್ನು ಅದರ ಕೆಳಗೆ ಬರೆಯಬೇಕು. ಓದುವ ನೂರಾರು ಮಂದಿ ನೋಡುವುದು ಉತ್ತರದ ರೀತಿಯನ್ನು.

ವಂಚಕರ ಹಾವಳಿಯೂ ಉಂಟು. ಸೈನ್ಯದ ಅಧಿಕಾರಿಯೆಂದು ಹೇಳಿಕೊಂಡು ದೊಡ್ಡ ಬೇಡಿಕೆಯಿತ್ತು, ‘ಮುಂಗಡ ಕಳುಹಿಸುತ್ತೇನೆ, ಪಿನ್ ಒತ್ತಿ’ ಎನ್ನುವವರು ಅನೇಕ ಸಣ್ಣ ವ್ಯಾಪಾರಿಗಳನ್ನು ಮೋಸಗೊಳಿಸಿದ್ದಾರೆ. ಯು.ಪಿ.ಐ.ನಲ್ಲಿ ಹಣವನ್ನು ಪಡೆಯುವುದಕ್ಕೆ ಪಿನ್ ಬೇಕಾಗುವುದಿಲ್ಲ; ಕೊಡುವುದಕ್ಕೆ ಮಾತ್ರ ಬೇಕು. ಹಣ ಕಳುಹಿಸಿದ ಚಿತ್ರವನ್ನು ನಂಬದೆ, ಬ್ಯಾಂಕಿನ ಖಾತೆಯಲ್ಲಿ ಜಮೆಯಾದುದನ್ನು ಕಂಡ ಮೇಲೆಯೇ ಸರಕನ್ನು ಕಳುಹಿಸತಕ್ಕದ್ದು. ಮೋಸ ನಡೆದುಹೋದರೆ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಬೇಕು. ವಾಟ್ಸಾಪಿಗೆ ಎರಡನೆಯ ಬೀಗವಾಗಿ ಆರು ಅಂಕಿಗಳ ಗುಟ್ಟಿನ ಸಂಖ್ಯೆಯನ್ನು ಇಂದೇ ಹಾಕಿಕೊಳ್ಳುವುದು ಒಳ್ಳೆಯದು.

ಆಲೆಮನೆ ನಿಂತಿರುವ ತಿಂಗಳುಗಳಲ್ಲಿ ಜಾಲತಾಣವನ್ನೂ ಮುಚ್ಚಿಬಿಡುವ ರೂಢಿಯಿದೆ. ಕಬ್ಬಿನ ನಾಟಿ, ಕೂಳೆಯ ಆರೈಕೆ, ಕೊಪ್ಪರಿಗೆಯ ರಿಪೇರಿ ಇವುಗಳ ಚಿತ್ರಗಳನ್ನು ಆಗ ಹಾಕುತ್ತಿದ್ದರೆ ಸಂಬಂಧವು ಕಡಿಯದು. ಹೊಸ ಹಂಗಾಮಿನ ಮೊದಲ ಕೊಪ್ಪರಿಗೆ ಇಳಿಯುವ ದಿನವನ್ನು ವಹಿಯಲ್ಲಿರುವ ಹಳೆಯ ಗಿರಾಕಿಗಳಿಗೆ ಒಂದು ವಾರ ಮುಂಚೆ ತಿಳಿಸಿ, ಅವರು ಕೇಳಿದಷ್ಟನ್ನು ತೆಗೆದಿಟ್ಟು, ಮಿಕ್ಕ ಬೆಲ್ಲವನ್ನು ಮಾತ್ರ ಹೊರಗಿನವರಿಗೆ ಜಾಹೀರು ಮಾಡತಕ್ಕದ್ದು.