ಬೆವರಿಗೆ ಬದಲು ಏನು ಕುಡಿಯೋಣ?

ಮಕ್ಕಳೇ, ಕಬಡ್ಡಿ, ಖೋ ಖೋ ಆಡಿ ಬಂದಾಗ ನಿಮ್ಮ ಅಂಗಿ ಒದ್ದೆಯಾಗಿರುತ್ತದೆಯಲ್ಲವೇ? ಬೆವರು ಆವಿಯಾಗುವಾಗ ಮೈಯ ಶಾಖವನ್ನು ತೆಗೆದುಕೊಂಡು ಹೋಗುತ್ತದೆ. ಹೀಗೆ ದೇಹ ತಂಪಾಗುತ್ತದೆ. ಆದರೆ ನಮ್ಮ ಸುಳ್ಯದ ಗಾಳಿಯಲ್ಲಿ ತೇವಾಂಶ ಹೆಚ್ಚು. ಬೆವರು ಬೇಗ ಆರದೆ ತೊಟ್ಟಿಕ್ಕುತ್ತದೆ. ನೀರು ನಷ್ಟವಾಗುತ್ತದೆ, ಮೈ ಮಾತ್ರ ತಂಪಾಗುವುದಿಲ್ಲ.

ಮಾಡಿ ನೋಡಿ

ಆಟಕ್ಕೆ ಮೊದಲು ನಿಮ್ಮ ತೂಕ ನೋಡಿ. ಆಟ ಮುಗಿದ ಮೇಲೆ ಬೆವರು ಒರೆಸಿಕೊಂಡು ಮತ್ತೆ ನೋಡಿ. 100 ಗ್ರಾಂ ಕಡಿಮೆಯಾಗಿದ್ದರೆ ಸುಮಾರು 100 ಮಿ.ಲೀ. ನೀರು ಹೋಗಿದೆ ಎಂದರ್ಥ. ನಡುವೆ ನೀರು ಕುಡಿದಿದ್ದರೆ ಅದನ್ನೂ ಕೂಡಿಸಿ. 30 ಕಿ.ಗ್ರಾಂ ತೂಕದ ಬಾಲಕಿ 600 ಗ್ರಾಂ ಕಳೆದುಕೊಂಡರೆ ಅದು ದೇಹತೂಕದ ಶೇ. 2. ಅಷ್ಟಕ್ಕೇ ಓಟದ ವೇಗ ತಗ್ಗಬಹುದು, ತಲೆನೋವು ಬರಬಹುದು.

ಯಾವಾಗ, ಯಾವುದು?

ಒಂದು ಗಂಟೆಯೊಳಗಿನ ಆಟಕ್ಕೆ ಕುದಿಸಿ ಆರಿಸಿದ ನೀರೇ ಸಾಕು. ಬಾಯಾರಿಕೆಗೆ ಕಾಯದೆ 15–20 ನಿಮಿಷಕ್ಕೊಮ್ಮೆ ಕೆಲವು ಗುಟುಕು ಕುಡಿಯಿರಿ. ಕೇರಳದಲ್ಲಿ 2019ರಲ್ಲಿ ಸುದ್ದಿಯಾದ 'ನೀರಿನ ಗಂಟೆ' ಅದೇ ವರ್ಷ ನಮ್ಮ ರಾಜ್ಯದ ಶಾಲೆಗಳಿಗೂ ಬಂತು. ಅದು ಆಟದ ಮೈದಾನದಲ್ಲೂ ಬಾರಿಸಲಿ.

ಇಡೀ ದಿನದ ಕ್ರೀಡಾಕೂಟದಲ್ಲಿ ಬೆವರಿನೊಂದಿಗೆ ಉಪ್ಪೂ ಹೋಗುತ್ತದೆ. ಆಗ ಉಪ್ಪು ಹಾಕಿದ ನೀರು ಮಜ್ಜಿಗೆ, ಗಂಜಿಯ ತಿಳಿ ಒಳ್ಳೆಯವು. ಚಿಟಿಕೆ ಉಪ್ಪು ಹಾಕಿ, ಸಕ್ಕರೆ ಮಿತವಾಗಿಟ್ಟ ಪುನರ್ಪುಳಿ ಶರಬತ್ತೂ ಆಗಬಹುದು. ಬೊಂಡದ ನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಬೆವರಿನಲ್ಲಿ ಹೆಚ್ಚು ಹೋಗುವುದು ಸೋಡಿಯಂ. ಆದ್ದರಿಂದ ಬೊಂಡ ಕುಡಿದವರು ಉಪ್ಪು ಬೆರೆತ ಊಟವನ್ನೂ ಮಾಡಬೇಕು.

ಬಾಟಲಿಯ ಚೀಟಿ ಓದಿ

250 ಮಿ.ಲೀ. ಕೋಲಾದಲ್ಲಿ ಸುಮಾರು 25 ಗ್ರಾಂ ಸಕ್ಕರೆ ಇರುತ್ತದೆ, ಅಂದರೆ 5 ಟೀ ಚಮಚ! ಇಷ್ಟು ಸಿಹಿಯಾದ ಪಾನೀಯ ಹೊಟ್ಟೆಯಿಂದ ಕರುಳಿಗೆ ನಿಧಾನವಾಗಿ ಇಳಿಯುತ್ತದೆ. ಹಲ್ಲಿಗೂ ಕೇಡು. 'ಎನರ್ಜಿ ಡ್ರಿಂಕ್'ಗಳಲ್ಲಿ ಕೆಫೀನ್ ಇರುತ್ತದೆ. ಅವು ಮಕ್ಕಳಿಗೆ ತಕ್ಕುದಲ್ಲ ಎಂದು ಚೀಟಿಯ ಮೇಲೆಯೇ ಬರೆದಿರಬೇಕೆಂಬ ನಿಯಮವಿದೆ.

ನೆನಪಿಡಿ

ಗೆಳೆಯನಿಗೆ ತಲೆಸುತ್ತು, ವಾಕರಿಕೆ, ಸ್ನಾಯು ಸೆಳೆತ ಕಂಡರೆ ಕೂಡಲೇ ಆಟ ನಿಲ್ಲಿಸಿ ಶಿಕ್ಷಕರಿಗೆ ತಿಳಿಸಿ. ನೆರಳಿನಲ್ಲಿ ಮಲಗಿಸಿ, ಒದ್ದೆ ಬಟ್ಟೆಯಿಂದ ಮೈ ಒರೆಸಿ, ಗಾಳಿ ಬೀಸಿ. ಎಚ್ಚರವಿದ್ದರೆ ಓಆರ್‌ಎಸ್ ದ್ರಾವಣವನ್ನು ಸ್ವಲ್ಪ ಸ್ವಲ್ಪವಾಗಿ ಕುಡಿಸಿ. ಪೊಟ್ಟಣದ ಮೇಲೆ ಹೇಳಿದಷ್ಟೇ ನೀರಿನಲ್ಲಿ ಅದನ್ನು ಕಲಸಬೇಕು. ಮಾತು ತಡವರಿಸಿದರೆ ಅಥವಾ ಎಚ್ಚರ ತಪ್ಪಿದರೆ ಬಾಯಿಗೆ ಏನನ್ನೂ ಹಾಕಬೇಡಿ. ಮೈ ತಂಪು ಮಾಡುತ್ತಲೇ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.