ಸಂಬಳದಲ್ಲಿ ಹಿಡಿದ ದುಡ್ಡು ಖಾತೆಗೆ ಸೇರಿದೆಯಾ?



ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಿಂದ ನರಸಾಪುರ, ಮಾಲೂರಿನ ಕಾರ್ಖಾನೆಗಳಿಗೆ ಬಸ್ಸು ಹತ್ತಿ ಹೋಗುವ ಹೆಣ್ಣುಮಕ್ಕಳು ನಮ್ಮ ಸಂಘಗಳಲ್ಲಿದ್ದಾರೆ. ಸಂಘಕ್ಕೆ ಕಟ್ಟಿದ 50 ರೂಪಾಯಿ ಪಾಸ್‌ಬುಕ್‌ನಲ್ಲಿ ಏರಿದೆಯಾ ಅಂತ ಎರಡು ಸಲ ನೋಡ್ತೀವಿ. ಸಂಬಳದಲ್ಲಿ ಸಾವಿರಕ್ಕೂ ಹೆಚ್ಚು ಹಿಡಿದರೆ ಸುಮ್ಮನಿರ್ತೀವಿ. ಈ ಪಾಠ ಅದರ ಬಗ್ಗೆ.

20 ಮತ್ತು ಹೆಚ್ಚು ಜನ ದುಡಿಯುವ ಕಡೆ ಭವಿಷ್ಯ ನಿಧಿ (ಪಿ.ಎಫ್.), 10 ಮತ್ತು ಹೆಚ್ಚು ಜನ ಇರುವ ಕಡೆ ಇ.ಎಸ್.ಐ. ಕಡ್ಡಾಯ. ಇದು ಮಾಲೀಕರ ಉಪಕಾರ ಅಲ್ಲ, ಕಾನೂನು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇವು ಮುಂದುವರಿದಿವೆ.

ಒಬ್ಬಾಕೆಯ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 14,000 ರೂಪಾಯಿ ಅನ್ನಿ. ಆಕೆಯಿಂದ ಪಿ.ಎಫ್.ಗೆ ಶೇ. 12, ಅಂದರೆ 1,680 ರೂಪಾಯಿ ಹಿಡೀತಾರೆ. ಕಂಪನಿಯೂ ತನ್ನ ಕೈಯಿಂದ 1,680 ಹಾಕಬೇಕು. ಅದರಲ್ಲಿ 1,166 ಪಿಂಚಣಿಗೆ ಹೋಗುತ್ತೆ, ಉಳಿದದ್ದು ಪಿ.ಎಫ್.ಗೆ. ಇ.ಎಸ್.ಐ.ಗೆ ಆಕೆಯದು 105, ಕಂಪನಿಯದು 455. "ಎರಡೂ ಪಾಲು ನಿನ್ನ ಸಂಬಳದಲ್ಲೇ" ಅಂದರೆ ಒಪ್ಪಬೇಡಿ, ಮಾಲೀಕರ ಪಾಲನ್ನು ಕೂಲಿಯಿಂದ ಹಿಡಿಯುವಂತಿಲ್ಲ. ಹಿಡಿದ ದುಡ್ಡನ್ನು ಕಟ್ಟದೆ ಇಟ್ಟುಕೊಂಡರೆ ಅದು ಅಪರಾಧ, ಕ್ರಿಮಿನಲ್ ಕೇಸು ಆಗುತ್ತೆ.

ನಮ್ಮ ಕಡೆ ಬಹಳ ಜನ ಕಂಟ್ರಾಕ್ಟರ್ ಮೂಲಕ ಸೇರಿರ್ತಾರೆ. ಕಂಪನಿಯವರನ್ನು ಕೇಳಿದರೆ ಕಂಟ್ರಾಕ್ಟರ್ ಕಡೆ ತೋರಿಸ್ತಾರೆ, ಕಂಟ್ರಾಕ್ಟರ್ ಫೋನೇ ಎತ್ತಲ್ಲ. ಕಾನೂನು ಇಲ್ಲಿ ಸ್ಪಷ್ಟ: ಕಂಟ್ರಾಕ್ಟರ್ ಕಟ್ಟದಿದ್ದರೆ ಮುಖ್ಯ ಕಂಪನಿಯೇ ಕಟ್ಟಬೇಕು. ಆದ್ದರಿಂದ ವೇತನ ಚೀಟಿ ಎಸೀಬೇಡಿ, ಗುರುತಿನ ಚೀಟಿಯ ನಕಲೂ ಇಟ್ಟುಕೊಳ್ಳಿ.

ಇ.ಎಸ್.ಐ. ತಿಂಗಳ ವೇತನ 21,000 ರೂಪಾಯಿವರೆಗೆ ಇರುವವರಿಗೆ. ಆಕೆಗೂ ಕುಟುಂಬಕ್ಕೂ ಚಿಕಿತ್ಸೆ ಸಿಗುತ್ತೆ. ಹೆರಿಗೆಗೆ ಮೊದಲ ಎರಡು ಮಕ್ಕಳವರೆಗೆ 26 ವಾರ ಪೂರ್ತಿ ವೇತನ. ಆದರೆ ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ ಕನಿಷ್ಠ 70 ದಿನದ ವಂತಿಗೆ ಕಟ್ಟಿರಬೇಕು. ಬಸಿರಾದ ಮೇಲೆ ಕಾರ್ಡು ಹುಡುಕಿದರೆ ತಡ. ಸೇರಿದ ತಿಂಗಳೇ ಕಾರ್ಡು ಕೇಳಿ.

ಪಿ.ಎಫ್. ದುಡ್ಡಿನ ಬೆಲೆ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರಿಗೆ ಗೊತ್ತಿತ್ತು. ಮಾಲೀಕರ ಪಾಲನ್ನು 58 ವರ್ಷ ಆಗುವ ತನಕ ತೆಗೆಯುವಂತಿಲ್ಲ ಅಂತ 2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ನಿಯಮ ತಂತು. ಏಪ್ರಿಲ್ 18ರಂದು ಸಾವಿರಾರು ಹೆಂಗಸರು ಕೆಲಸ ಬಿಟ್ಟು ರಸ್ತೆಗೆ ಬಂದರು. ಮಾರನೇ ದಿನವೇ ಆ ನಿಯಮ ವಾಪಸ್ ಆಯ್ತು.

ಹಾಗಂತ ಕೆಲಸ ಬಿಟ್ಟಾಗಲೆಲ್ಲ ಪೂರ್ತಿ ತೆಗೆದುಬಿಡೋದು ಒಳ್ಳೆಯದಲ್ಲ. ಮದುವೆ, ಬಾಣಂತನ ಅಂತ ಬಿಡ್ತೀವಿ, ಪಿಂಚಣಿ ದುಡ್ಡೂ ತೆಗೀತೀವಿ, ಮತ್ತೆ ಸೇರಿದಾಗ ಲೆಕ್ಕ ಒಂದರಿಂದ ಶುರು. ತಿಂಗಳ ಪಿಂಚಣಿಗೆ 10 ವರ್ಷದ ಸೇವೆ ಬೇಕು. ಯು.ಎ.ಎನ್. ನಂಬರು ಒಂದೇ ಇಟ್ಟುಕೊಂಡು ಹಳೇ ಖಾತೆಯನ್ನು ಹೊಸದಕ್ಕೆ ವರ್ಗಾಯಿಸಿದರೆ ವರ್ಷಗಳು ಕೂಡುತ್ತವೆ. ನಾಮಿನಿ ಹೆಸರನ್ನೂ ಬರೆಸಿ. ಕೆಲಸದಲ್ಲಿದ್ದಾಗ ಸದಸ್ಯೆ ತೀರಿಕೊಂಡರೆ ಮನೆಯವರಿಗೆ ಗರಿಷ್ಠ 7 ಲಕ್ಷದವರೆಗೆ ವಿಮೆ ಇದೆ, ಇದು ಎಷ್ಟೋ ಮನೆಗಳಿಗೆ ಗೊತ್ತೇ ಇಲ್ಲ.

ಮುಂದಿನ ಸಭೆಗೆ ಕೆಲಸಕ್ಕೆ ಹೋಗುವವರು ವೇತನ ಚೀಟಿ, ಆಧಾರ್, ಯು.ಎ.ಎನ್. ನಂಬರು ತನ್ನಿ. ಖಾತೆಗೆ ಜೋಡಿಸಿದ ಮೊಬೈಲಿನಿಂದ 9966044425ಕ್ಕೆ ಮಿಸ್ಡ್ ಕಾಲ್ ಕೊಟ್ಟರೆ ಬಾಕಿ ಎಷ್ಟಿದೆ ಅಂತ ಮೆಸೇಜ್ ಬರುತ್ತೆ. ಎಲ್ಲರೂ ಕೂತು ಚೀಟಿಗೂ ಮೆಸೇಜಿಗೂ ತಾಳೆ ನೋಡೋಣ. ಆಧಾರ್‌ನಲ್ಲಿ ಒಂದು ಹೆಸರು, ಖಾತೆಯಲ್ಲಿ ಇನ್ನೊಂದು ಇದ್ದವರು ಮೊದಲೇ ಹೇಳಿ. ವಂತಿಗೆ ಕಟ್ಟಿಲ್ಲದಿದ್ದರೆ ಪಿ.ಎಫ್. ಕಚೇರಿಗೆ ಅರ್ಜಿಯನ್ನು ಅಲ್ಲೇ ಬರೆಯೋಣ.