ನೀರಿನ ಜಮಾ-ಖರ್ಚು ಮತ್ತು ಆಕಾಶದಿಂದ ಅದರ ಅಳತೆ

ಉತ್ತರ ಕನ್ನಡದ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವುದು. ಹಾಗಿದ್ದರೂ ಭಟ್ಕಳ ತಾಲೂಕಿನ ತೆಂಗಿನಗುಂಡಿಯಂಥ ಕಡಲಂಚಿನ ಊರುಗಳಲ್ಲಿ, ಬೇಸಿಗೆಯಲ್ಲಿ ನೆಲದೊಳಗಿನ ಸಿಹಿನೀರು ಇಳಿದಂತೆಲ್ಲ ಉಪ್ಪುನೀರು ಒಳಸೇರುವ ಭಯವು ಹೆಚ್ಚುವುದು. ಇಷ್ಟು ಮಳೆಯ ನೀರು ಎಲ್ಲಿ ಹೋಯಿತೆಂದು ತಿಳಿಯಬೇಕಾದರೆ, ಹಣಕ್ಕಿರುವಂತೆಯೇ ನೀರಿಗೂ ಜಮಾ-ಖರ್ಚಿನ ಲೆಕ್ಕವನ್ನಿಡುವುದು ಅವಶ್ಯವಾಗಿದೆ.

ಮಳೆಯೇ ಜಮೆ. ಹಳ್ಳ-ಹೊಳೆಗಳಲ್ಲಿ ಹರಿದು ಕಡಲನ್ನು ಸೇರುವುದು ಒಂದು ಖರ್ಚು. ನೆಲದಿಂದಲೂ ಗಿಡಮರಗಳ ಎಲೆಗಳಿಂದಲೂ ಆವಿಯಾಗಿ ಹೋಗುವುದು ಇನ್ನೊಂದು. ನೆಲದೊಳಕ್ಕಿಳಿದು ಬಾವಿಗಳನ್ನೂ ಒರತೆಗಳನ್ನೂ ಸಲಹುವುದೇ ಶಿಲ್ಕು. ಮಳೆಯನ್ನು ಮಾಪಕದಿಂದಲೂ ಹರಿವನ್ನು ಹಳ್ಳದಲ್ಲಿಯೂ ಅಳೆಯಬಹುದು. ಕಣ್ಣಿಗೆ ಕಾಣದ ಆವಿಯನ್ನು ಅಳೆಯುವುದು ಹೇಗೆ?

ಮಣ್ಣಿನ ಹೂಜಿಯ ಮೈಯಿಂದ ನೀರು ಆವಿಯಾಗುವುದರಿಂದಲೇ ಒಳಗಿನ ನೀರು ತಂಪಾಗುವುದು. ಭೂಮಿಯ ಮಾತೂ ಹೀಗೆಯೇ. ಒಂದೇ ಬಿಸಿಲಿನಲ್ಲಿ ನೀರುಂಡ ಅಡಿಕೆ ತೋಟವು ತಂಪಾಗಿಯೂ, ಬೋಳು ಜಂಬಿಟ್ಟಿಗೆಯ ನೆಲವು ಕಾದೂ ಇರುವುದು. ಉಪಗ್ರಹವು ಈ ಕಾವನ್ನು ಮೇಲಿನಿಂದಲೇ ಗುರುತಿಸುವುದು. ನೆಲಕ್ಕೆ ದೊರೆತ ಬಿಸಿಲಿನ ಶಕ್ತಿಯಲ್ಲಿ ಮಣ್ಣನ್ನೂ ಗಾಳಿಯನ್ನೂ ಕಾಯಿಸಿದ ಪಾಲನ್ನು ಕಳೆದರೆ, ಉಳಿದ ಪಾಲು ಆವಿಗೆ ವ್ಯಯವಾಯಿತೆಂದು ಲೆಕ್ಕ. ಎಕರೆಗೆ ಒಂದು ಮಿಲಿಮೀಟರ್ ಆವಿಯೆಂದರೆ ಸುಮಾರು 4,000 ಲೀಟರ್ ನೀರು. ಹಸುರೆಲೆಯು ಕೆಂಪು ಬೆಳಕನ್ನು ಹೀರಿಕೊಂಡು, ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಹಿಂದಕ್ಕೆ ಕಳುಹಿಸುವುದರಿಂದ ಸಸ್ಯದ ಏರಿಳಿತವೂ ತಿಳಿಯುವುದು.

1972ರಲ್ಲಿ ಅಮೆರಿಕದ ಮೊದಲನೆಯ ಲ್ಯಾಂಡ್‌ಸ್ಯಾಟ್, 1988ರಲ್ಲಿ ನಮ್ಮ ದೇಶದ ಐ.ಆರ್.ಎಸ್.-1ಎ ಆಕಾಶಕ್ಕೇರಿದುವು. ಇಂಥ ಚಿತ್ರಗಳನ್ನು ಹೋಲಿಸಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಕಂಡುಕೊಂಡ ಪ್ರಕಾರ, ಈ ಜಿಲ್ಲೆಯಲ್ಲಿ ನಿತ್ಯಹರಿದ್ವರ್ಣ ಮತ್ತು ಅರೆ ನಿತ್ಯಹರಿದ್ವರ್ಣದ ಕಾಡು 1973ರಲ್ಲಿ ನೂರಕ್ಕೆ ಸುಮಾರು 68 ಪಾಲು ಇದ್ದುದು, 2013ರಲ್ಲಿ 32 ಪಾಲಿಗೆ ಇಳಿದಿತ್ತು.

ಮರಗಳು ನೀರನ್ನು ಕುಡಿಯುವುವಾದುದರಿಂದ ಕಾಡು ಕಡಿಮೆಯಾದರೆ ನೀರು ಉಳಿಯುವುದೆಂದು ಕೆಲವರು ವಾದಿಸಬಹುದು. ಇದಕ್ಕೆ ಉತ್ತರವು ಜಿಲ್ಲೆಯಲ್ಲಿಯೇ ದೊರೆತಿದೆ. ಕರಾವಳಿಯ ಸಣ್ಣ ಹಳ್ಳಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಸಂಶೋಧನೆಯಂತೆ, ಮಳೆಯ ನೂರು ಪಾಲಿನಲ್ಲಿ ಹಳ್ಳದಲ್ಲಿ ಹರಿದು ಹೋದುದು ಸ್ವಾಭಾವಿಕ ಕಾಡಿನಿಂದ ಸುಮಾರು 28, ಅಕೇಶಿಯಾ ನೆಡುತೋಪಿನಿಂದ 33, ಹಾಳಾದ ಕಾಡಿನಿಂದ 45. ಮಳೆಗಾಲದಲ್ಲಿ ನೆಲದೊಳಕ್ಕೆ ಇಳಿದುದೆಂದು ಅಂದಾಜಾದುದು ಕ್ರಮವಾಗಿ 50, 46 ಮತ್ತು 35. ಇಳಿದ ನೀರಿನಲ್ಲಿ ಸ್ವಲ್ಪವನ್ನು ಬೇರುಗಳು ಮರಳಿ ಹೀರುವುದು ನಿಜ. ಆದರೆ ತರಗೆಲೆಯ ಹೊದಿಕೆಯೂ ಸಡಿಲವಾದ ಮಣ್ಣೂ ಮಳೆಯನ್ನು ಒಳಗೆ ಬಿಟ್ಟುಕೊಂಡ ಲಾಭವು ಆ ನಷ್ಟವನ್ನು ಮೀರಿಸಬಲ್ಲುದು. ಹಾಳು ನೆಲಕ್ಕಿಂತ ನೆಡುತೋಪು ಮೇಲು. ನೆಡುತೋಪಿಗಿಂತ ಸ್ವಾಭಾವಿಕ ಕಾಡು ಮೇಲು.

ಉಪಗ್ರಹಕ್ಕೂ ಮಿತಿಯುಂಟು. ಮಳೆಗಾಲದಲ್ಲಿ ಮೋಡವು ನೆಲವನ್ನು ಮರೆಮಾಡುವುದು. ಲ್ಯಾಂಡ್‌ಸ್ಯಾಟ್ ಚಿತ್ರದ ಒಂದು ಚೌಕವು ಸುಮಾರು 9 ಗುಂಟೆಯಷ್ಟಾದರೆ, ಆವಿಯ ಲೆಕ್ಕಕ್ಕೆ ಬಳಸುವ ಕೆಲವು ಚಿತ್ರಗಳಲ್ಲಿ ಒಂದು ಚೌಕವು 60 ಎಕರೆಯನ್ನು ಮೀರುವುದು. ಹಸುರಿನ ಅಂಕಿಯೊಂದನ್ನೇ ನೋಡಿದರೆ ಅಕೇಶಿಯಾವೂ ಹಳೆಯ ಕಾಡೂ ಸಮನಾಗಿ ತೋರಬಹುದು. ಆದುದರಿಂದ ಆಕಾಶದ ಲೆಕ್ಕಕ್ಕೆ ಊರಿನ ಲೆಕ್ಕವೂ ಕೂಡಬೇಕು.

ಈ ವಿಷಯದಲ್ಲಿ ಊರಿನ ಮುಖ್ಯಸ್ಥರೂ ಜಮೀನುದಾರರೂ ಮಾಡತಕ್ಕ ಕೆಲಸಗಳು ಮೂರು:

(1) ಊರಿಗೊಂದು ಮಳೆಮಾಪಕವನ್ನಿಟ್ಟು ಪ್ರತಿದಿನ ಒಂದೇ ಹೊತ್ತಿಗೆ ಅಳತೆಯನ್ನು ಬರೆದಿಡುವುದು.

(2) ಆಯ್ದ ಕೆಲವು ಬಾವಿಗಳ ನೀರಿನ ಮಟ್ಟವನ್ನೂ ರುಚಿಯನ್ನೂ ತಿಂಗಳಿಗೊಮ್ಮೆ ದಾಖಲು ಮಾಡುವುದು. ಕಡಲ ಸಮೀಪದ ಬಾವಿಗಳಲ್ಲಿ ಉಬ್ಬರ-ಇಳಿತದಿಂದ ಮಟ್ಟವು ಬದಲಾಗುವುದರಿಂದ, ಪ್ರತಿ ಅಮಾವಾಸ್ಯೆಯಂದು ಒಂದೇ ಗಳಿಗೆಗೆ, ನೀರು ಸೇದುವ ಮೊದಲು ಅಳೆಯುವುದು ಲೇಸು.

(3) ಸೊಪ್ಪಿನ ಬೆಟ್ಟಗಳಲ್ಲಿ ತರಗೆಲೆಯನ್ನು ಪೂರ್ತಿಯಾಗಿ ಗುಡಿಸದೆ, ತಾನಾಗಿ ಹುಟ್ಟಿದ ಊರ ಜಾತಿಯ ಸಸಿಗಳನ್ನು ಬೆಂಕಿಯಿಂದಲೂ ದನಗಳಿಂದಲೂ ಕಾಪಾಡುವುದು.

ಇಂಥ ಲೆಕ್ಕವು ಹತ್ತು ವರ್ಷ ತಪ್ಪದೆ ನಡೆದರೆ, ಮೇಲಿನ ಬೆಟ್ಟದಲ್ಲಿ ಆದ ಬದಲಾವಣೆಯು ಕೆಳಗಿನ ಬಾವಿಗೆ ಏನು ಮಾಡಿತೆಂಬುದನ್ನು ಊರಿನವರೇ ತೋರಿಸಿಕೊಡಬಲ್ಲರು.